ಬಬಲ್ ಗಮ್ಮಿನ ಕಾರ್ಡುಗಳು

ಹಬ್ಬವು ಸಮೀಪಿಸಿತೆಂದರೆ ಮನೆಯ ಗೃಹಿಣಿಯು ಮೊದಲು ಕೈಹಾಕುವುದು ಮಕ್ಕಳ ಪೆಟ್ಟಿಗೆಗೆ. ಮೊಳೆ ಕಿತ್ತುಹೋದ ಬುಗುರಿ, ಬೆಂಕಿಪೊಟ್ಟಣದ ಮೇಲಿನ ಚಿತ್ರಗಳು, ಮಿಠಾಯಿಯ ಬಣ್ಣದ ಕಾಗದ, ಇವೆಲ್ಲವೂ ಕಸದೊಡನೆ ಹೊರಕ್ಕೆ ಹೋಗುತ್ತವೆ. ಶಾಲೆಯಿಂದ ಬಂದ ಹುಡುಗನು ಅಳುತ್ತಾನೆ. "ಅದೇನು ಚಿನ್ನವೇನೋ?" ಎಂದು ತಾಯಿಯು ಗದರಿಸುತ್ತಾಳೆ. ಅಲ್ಲಿಗೆ ಆ ವ್ಯಾಜ್ಯವು ಮುಗಿಯುತ್ತದೆ.

ಅಮೆರಿಕಾ ದೇಶದಲ್ಲಿ ಮಾತ್ರ ಅದು ಅಷ್ಟಕ್ಕೇ ಮುಗಿಯಲಿಲ್ಲ. ೨೦೨೨ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಅಂಗೈಯಗಲದ ಒಂದು ರಟ್ಟಿನ ಚಿತ್ರವು ಹರಾಜಿನಲ್ಲಿ ೧ ಕೋಟಿ ೨೬ ಲಕ್ಷ ಡಾಲರುಗಳಿಗೆ, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿಗಳಿಗೆ, ಮಾರಿಹೋಯಿತು. ಅದರ ಮೇಲಿರುವುದು ಮಿಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರ. ೧೯೫೨ರಲ್ಲಿ ಅಂತಹ ಚಿತ್ರಗಳು ಮಕ್ಕಳು ಅಗಿಯುವ ಗಮ್ಮಿನ ಪೊಟ್ಟಣದಲ್ಲಿ ಸೆಂಟಿಗೊಂದರಂತೆ ದೊರೆಯುತ್ತಿದ್ದುವು. ನೂರು ಸೆಂಟುಗಳಿಗೆ ಒಂದು ಡಾಲರು.

ಇದನ್ನು ಅಚ್ಚುಮಾಡಿಸಿದುದು ಟಾಪ್ಸ್ ಎಂಬ ಕಂಪೆನಿ. ಇದರ ಒಡಹುಟ್ಟಿದ ಚಿತ್ರಗಳನ್ನು ರಾಶಿರಾಶಿಯಾಗಿ ಕಸವೆಂದು ಬಗೆದು ಸಮುದ್ರಕ್ಕೆ ಸುರಿಯಿಸಿದುದೂ ಅದೇ ಕಂಪೆನಿಯೇ. ಈ ಕಂಪೆನಿಯ ಚರಿತ್ರೆಯನ್ನು ಓದಿದಾಗ ನನಗೆ ಬೆಲೆಯ ಏರಿಳಿತಕ್ಕಿಂತಲೂ ಹೆಚ್ಚಾಗಿ ಮನಸ್ಸಿಗೆ ನಾಟಿದುದು ಬೇರೊಂದು ಸಂಗತಿ. ರಟ್ಟು ಕಂಪೆನಿಯದು, ಬಣ್ಣ ಕಂಪೆನಿಯದು, ಸರಿ. ಅದರ ಮೇಲಿರುವ ಮುಖವು ಯಾರದು? ಆ ಮುಖಕ್ಕೆ ಬರುವ ಹಣವು ಯಾರಿಗೆ ಸೇರತಕ್ಕದ್ದು? ಈ ಜಗಳವು ಅಲ್ಲಿ ಒಂದು ನೂರು ವರ್ಷ ನಡೆಯಿತು.

ಬೇಸ್‌ಬಾಲ್ ಎಂಬುದು ಅಮೆರಿಕನ್ನರಿಗೆ ನಮ್ಮವರಿಗೆ ಕ್ರಿಕೆಟ್ ಇದ್ದಂತೆ. ಒಬ್ಬನು ಚೆಂಡನ್ನು ಎಸೆಯುವನು, ಇನ್ನೊಬ್ಬನು ಒನಕೆಯಂತಹ ದುಂಡುದಾಂಡಿನಿಂದ ಹೊಡೆದು, ನಾಲ್ಕು ಮೂಲೆಗಳ ಅಂಗಣವನ್ನು ಸುತ್ತಿ ಓಡಿಬರುವನು. ಈ ಆಟಗಾರರ ಚಿತ್ರಗಳು ಮೊದಲು ಬಂದುದು ಮಕ್ಕಳ ಮಿಠಾಯಿಯೊಡನೆ ಅಲ್ಲ, ದೊಡ್ಡವರ ಸಿಗರೇಟಿನೊಡನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟಿನ ಪೊಟ್ಟಣವು ಮೆತ್ತನೆಯ ಕಾಗದದ್ದಾಗಿತ್ತು. ಒಳಗಿನ ಸಿಗರೇಟು ಜಜ್ಜಿಹೋಗದಂತೆ ನಡುವೆ ಒಂದು ಗಟ್ಟಿ ರಟ್ಟಿನ ತುಂಡನ್ನು ಇಡುತ್ತಿದ್ದರು. ಬರಿಯ ರಟ್ಟನ್ನೇಕೆ ಇಡಬೇಕು, ಅದರ ಮೇಲೊಂದು ಚಿತ್ರವಿದ್ದರೆ ಗಿರಾಕಿಯು ಮತ್ತೆ ಬಂದಾನೆಂದು ವ್ಯಾಪಾರಿಗಳು ಆಲೋಚಿಸಿದರು. ನಟಿಯರು, ಪಕ್ಷಿಗಳು, ದೇಶದೇಶದ ಬಾವುಟಗಳು, ಕಡೆಗೆ ಚೆಂಡಾಟದವರು ಹೀಗೆ ಪೊಟ್ಟಣದೊಳಗೆ ಸೇರಿದರು. ಇಂತಹ ಚಿತ್ರವನ್ನು ಅಲ್ಲಿಯವರು ಕಾರ್ಡು ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

೧೯೦೯ರಿಂದ ೧೯೧೧ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿಯು ಹೊರಡಿಸಿದ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಪ್ರಸಿದ್ಧ ಆಟಗಾರನದೂ ಒಂದಿತ್ತು. ಅವನು ತನ್ನ ಚಿತ್ರವನ್ನು ಹಾಕಕೂಡದೆಂದು ತಡೆದನು. ತನ್ನ ಮುಖದ ಆಸೆಗೆ ಹುಡುಗರು ಹೊಗೆಸೊಪ್ಪನ್ನು ಕೊಳ್ಳುವರೆಂಬ ಸಂಕಟದಿಂದ ತಡೆದನೆಂದು ಕೆಲವರು ಹೇಳುತ್ತಾರೆ. ತನಗೆ ಹಣ ಕೊಡದೆ ಹಾಕಿದರೆಂಬ ಸಿಟ್ಟಿನಿಂದ ತಡೆದನೆಂದು ಮತ್ತೆ ಕೆಲವರು ಹೇಳುತ್ತಾರೆ. ಕಾರಣವೇನೇ ಇರಲಿ, ಅಚ್ಚು ನಿಂತುಹೋಯಿತು; ಹೊರಬಿದ್ದಿದ್ದ ಕೆಲವೇ ಕಾರ್ಡುಗಳು ಇಂದು ಲಕ್ಷಾಂತರ ಡಾಲರುಗಳಿಗೆ ಕೈಬದಲಾಗುತ್ತವೆ. ನನ್ನ ಮುಖ ನನ್ನದು ಎಂದು ಆ ಮನುಷ್ಯನು ಹೇಳಿದುದು ಇಲ್ಲಿ ಗಮನಿಸತಕ್ಕ ವಿಷಯ. ಅವನ ತರುವಾಯ ಹಾಗೆ ಹೇಳಲು ಧೈರ್ಯವಿದ್ದವರು ಬಹುಕಾಲ ಹುಟ್ಟಲಿಲ್ಲ.

ಟಾಪ್ಸ್ ಕಂಪೆನಿಯ ಮೂಲವೂ ಹೊಗೆಸೊಪ್ಪೇ. ರಷ್ಯಾ ದೇಶದಿಂದ ವಲಸೆ ಬಂದ ಮಾರಿಸ್ ಶೋರಿನ್ ಎಂಬಾತನು ೧೮೯೦ರಲ್ಲಿ ಹೊಗೆಸೊಪ್ಪಿನ ಎಲೆಯನ್ನು ತರಿಸಿ ಮಾರುವ ವ್ಯಾಪಾರವನ್ನು ಆರಂಭಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ತುರ್ಕಿಯ ಎಲೆ ಬರುವುದು ನಿಂತುಹೋಯಿತು. ಯುದ್ಧದ ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ೧೯೩೦ರ ಸುಮಾರಿನ ಮಹಾಮುಗ್ಗಟ್ಟು ಬಂದಿತು. ಆಗ ಅವನ ನಾಲ್ವರು ಮಕ್ಕಳು, ಏಬ್ರಂ, ಐರಾ, ಫಿಲಿಪ್, ಜೋಸೆಫ್ ಎಂಬವರು, ಕೂಡಿ ವಿಚಾರಮಾಡಿದರು. ಅಂಗಡಿ ಅಂಗಡಿಗೆ ಸರಕನ್ನು ಹಂಚುವ ದಾರಿ ತಮಗೆ ಗೊತ್ತಿದೆ. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿಯೂ ಜನರು ಕೊಳ್ಳುವಂತಹ ಅಗ್ಗದ ಪದಾರ್ಥವೊಂದು ಬೇಕು. ೧೯೩೮ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಅವರು ಅಗಿಯುವ ಗಮ್ಮಿನ ಕಾರ್ಖಾನೆಯನ್ನು ತೆರೆದು, ಎಲ್ಲಕ್ಕಿಂತ ಮೇಲಿನದು ಎಂಬರ್ಥ ಬರುವಂತೆ ಟಾಪ್ಸ್ ಎಂದು ಹೆಸರಿಟ್ಟರು. ತುಂಡಿಗೆ ಒಂದು ಸೆಂಟು. ನಮ್ಮಲ್ಲಿ ಅಂಗಡಿಯವನು ಚಿಲ್ಲರೆಯಿಲ್ಲವೆಂದು ಪೆಪ್ಪರಮೆಂಟನ್ನು ಕೈಗಿಡುವುದಿಲ್ಲವೆ? ಹಾಗೆಯೇ ಈ ಗಮ್ಮೂ ಚಿಲ್ಲರೆಯ ಬದಲಿಗೆ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗುಟ್ಟಿನ ಮಾತನ್ನು ಆಡಬೇಡಿ, ಬದಲಿಗೆ ನಮ್ಮ ಗಮ್ಮನ್ನು ಅಗಿಯಿರಿ ಎಂಬ ಅರ್ಥದ ಪ್ರಾಸದ ಮಾತೊಂದನ್ನು ಕಂಪೆನಿಯು ಪ್ರಚಾರಮಾಡಿತು. ಯುದ್ಧವು ಮುಗಿದ ಮೇಲೆ, ೧೯೪೭ರಲ್ಲಿ, ಗುಳ್ಳೆಯೂದುವ ಬಜೂಕಾ ಎಂಬ ಬಬಲ್ ಗಮ್ಮು ಬಂದಿತು.

ಅದೇ ವರ್ಷ ಕಂಪೆನಿಗೆ ಸೇರಿದ ಸೈ ಬರ್ಜರ್ ಎಂಬ ತರುಣನೇ ಈ ಕಥೆಯ ನಾಯಕ. ಸೈನ್ಯದಿಂದ ಹಿಂದಿರುಗಿದ್ದವನು, ಬಾಲ್ಯದಲ್ಲಿ ತಾನೇ ಕಾರ್ಡುಗಳನ್ನು ಕೂಡಿಸಿದ್ದವನು. ಗಮ್ಮಿನ ರುಚಿಯಲ್ಲಿ ಕಂಪೆನಿ ಕಂಪೆನಿಗೆ ಹೆಚ್ಚಿನ ಭೇದವಿರಲಿಲ್ಲ. ಆದುದರಿಂದ ಮಕ್ಕಳನ್ನು ಸೆಳೆಯಲು ಪೊಟ್ಟಣದಲ್ಲಿ ಮತ್ತೇನನ್ನಾದರೂ ಇಡಬೇಕಾಗಿತ್ತು. ಫಿಲಡೆಲ್ಫಿಯಾ ನಗರದ ಬೋಮನ್ ಕಂಪೆನಿಯು ೧೯೪೮ರಿಂದ ಬೇಸ್‌ಬಾಲ್ ಕಾರ್ಡುಗಳನ್ನು ಇಟ್ಟು ಲಾಭ ಪಡೆಯುತ್ತಿದ್ದಿತು. ಗಮ್ಮಿನೊಡನೆ ತಮ್ಮ ಚಿತ್ರವನ್ನು ಬೇರೆಯವರಿಗೆ ಕೊಡುವುದಿಲ್ಲವೆಂದು ಆಟಗಾರರಿಂದ ಕರಾರು ಬರೆಯಿಸಿಕೊಂಡಿದ್ದಿತು. ಟಾಪ್ಸಿನವರು ೧೯೫೧ರಲ್ಲಿ ಒಂದು ಉಪಾಯ ಹೂಡಿದರು. ಗಮ್ಮು ತಾನೆ ಕೂಡದು? ಕಾರ್ಡಿನೊಡನೆ ಸಕ್ಕರೆಪಾಕದ ಮಿಠಾಯಿಯನ್ನಿಟ್ಟರು. ಕಾರ್ಡಿಗೆ ಬಳಿದಿದ್ದ ವಾರ್ನೀಷು ಮಿಠಾಯಿಗೆ ಹತ್ತಿ, ಅದನ್ನು ಬಾಯಿಗಿಡುವುದೇ ಕಷ್ಟವಾಯಿತು. ಆ ವರ್ಷದ ಕಾರ್ಡುಗಳೂ ಚಿಕ್ಕವು. ಇಸ್ಪೀಟಿನಂತೆ ಹರಡಿಕೊಂಡು ಆಡುವ ಆಟಕ್ಕೆಂದು ಮಾಡಿದವು.

ಬರ್ಜರನಿಗೆ ಇದರಿಂದ ತೃಪ್ತಿಯಾಗಲಿಲ್ಲ. ಆ ವರ್ಷದ ಶರತ್ಕಾಲದಲ್ಲಿ ಅವನು ಬ್ರೂಕ್ಲಿನ್ನಿನ ತನ್ನ ಬಿಡಾರದ ಅಡುಗೆಮನೆಯ ಮೇಜಿನ ಮೇಲೆ ರಟ್ಟು, ಕತ್ತರಿ, ಅಂಟುಗಳನ್ನು ಹರಡಿಕೊಂಡು ಕುಳಿತನು. ವುಡಿ ಗೆಲ್ಮನ್ ಎಂಬ ಕಲಾವಿದನು ಅವನಿಗೆ ಜೊತೆಯಾದನು. ಆ ಮನೆಯಾಕೆಯು ಮೇಜು ಖಾಲಿಯಾಗುವುದನ್ನು ಎಷ್ಟು ಸಂಜೆಗಳು ಕಾದಳೋ, ಚರಿತ್ರಕಾರರು ಬರೆದಿಲ್ಲ. ಅವರಿಬ್ಬರೂ ಕಾರ್ಡನ್ನು ದೊಡ್ಡದು ಮಾಡಿದರು. ಮುಂಭಾಗದಲ್ಲಿ ಬಣ್ಣಹಾಕಿದ ಭಾವಚಿತ್ರ, ಕೆಳಗೆ ಆಟಗಾರನ ಹೆಸರು, ಅವನ ಸಹಿಯ ಪ್ರತಿ, ತಂಡದ ಬಣ್ಣದ ಲಾಂಛನ. ಆದರೆ ನಿಜವಾದ ಜಾಣತನವು ಹಿಂಭಾಗದಲ್ಲಿದ್ದಿತು. ಆಟಗಾರನ ಎತ್ತರ, ತೂಕ, ಹುಟ್ಟಿದ ಊರು, ನಾಲ್ಕು ಸಾಲಿನ ಜೀವನವೃತ್ತಾಂತ. ಅದರ ಕೆಳಗೆ ಹಿಂದಿನ ವರ್ಷದ ಮತ್ತು ಒಟ್ಟು ಆಯುಷ್ಯದ ಆಟದ ಅಂಕಿಗಳು. ಆ ಕಾಲಕ್ಕೆ ಮನೆಮನೆಗೂ ಟೆಲಿವಿಷನ್ ಬಂದಿರಲಿಲ್ಲ. ದೂರದ ಊರಿನ ತಂಡದ ಆಟಗಾರನ ಮುಖವನ್ನು ಹಳ್ಳಿಯ ಹುಡುಗನು ಕಂಡುದು ಈ ಕಾರ್ಡಿನಲ್ಲಿಯೇ. ಸರಾಸರಿ ಎಂಬ ಲೆಕ್ಕವನ್ನು ಉಪಾಧ್ಯಾಯರ ಬೆತ್ತದಿಂದ ಕಲಿಯಲಾರದವರು ಇದರ ಬೆನ್ನಿನಿಂದ ಕಲಿತರು. ಇಂದಿಗೂ ಕಾರ್ಡುಗಳ ರೂಪವು ಹೆಚ್ಚುಕಡಮೆ ಆ ಅಡುಗೆಮನೆಯಲ್ಲಿ ಗೊತ್ತಾದುದೇ.

೧೯೫೨ರ ಈ ಮಾಲೆಯಲ್ಲಿ ೪೦೭ ಕಾರ್ಡುಗಳಿದ್ದುವು. ಎಲ್ಲವನ್ನೂ ಒಟ್ಟಿಗೆ ಬಿಡದೆ, ಮಕ್ಕಳ ಆಸೆಯು ಆರದಂತೆ ಕಂತುಕಂತಾಗಿ ಬಿಟ್ಟರು. ಲೋಭವು ಇಲ್ಲಿ ಸ್ವಲ್ಪ ಅತಿಯಾಯಿತು. ೩೧೧ನೆಯ ಸಂಖ್ಯೆಯಿಂದ ಮುಂದಿನ ಕೊನೆಯ ಕಂತು ಹೊರಡುವ ವೇಳೆಗೆ ಬೇಸ್‌ಬಾಲಿನ ಕಾಲವೇ ಮುಗಿಯುತ್ತ ಬಂದಿದ್ದಿತು. ಹುಡುಗರ ಬಾಯಲ್ಲಿ ಫುಟ್‌ಬಾಲಿನ ಮಾತು. ಅಂಗಡಿಯವರು ಸರಕು ಬೇಡವೆಂದರು. ಮ್ಯಾಂಟಲನ ಕಾರ್ಡು ಈ ಕಂತಿನ ಮೊದಲನೆಯದು, ೩೧೧. ಮಾರದ ಪೆಟ್ಟಿಗೆಗಳು ಬ್ರೂಕ್ಲಿನ್ನಿನ ಉಗ್ರಾಣದಲ್ಲಿ ಏಳೆಂಟು ವರ್ಷ ಧೂಳು ಹಿಡಿದು ಬಿದ್ದಿದ್ದುವು. ಜಾತ್ರೆ ನಡೆಸುವವರಿಗೆ ಸೆಂಟಿಗೆ ಒಂದರಂತೆ, ಆಮೇಲೆ ಸೆಂಟಿಗೆ ಹತ್ತರಂತೆ ಕೊಡಲು ನೋಡಿ, ಕೊಳ್ಳುವವರಿಲ್ಲದೆ ಬರ್ಜರನು ಬೇಸತ್ತನು. ಉಗ್ರಾಣದಲ್ಲಿ ಸ್ಥಳ ಬೇಕಾಗಿತ್ತು. ೧೯೬೦ರಲ್ಲಿ ಅವನು ಆ ಪೆಟ್ಟಿಗೆಗಳನ್ನು ಮೂರು ಕಸದ ಲಾರಿಗಳಿಗೆ ಹೇರಿ, ಅಲ್ಲಿಂದ ಕಸ ಸಾಗಿಸುವ ದೋಣಿಗೆ ತುಂಬಿಸಿ, ತಾನೂ ಜೊತೆಯಲ್ಲಿ ಹೋಗಿ, ಅಟ್ಲಾಂಟಿಕ್ ಸಮುದ್ರದಲ್ಲಿ ಸುರಿಸಿಬಂದನು. ಇದನ್ನು ಮುಂದೆ ಅವನೇ ನಗುತ್ತ ಹೇಳಿಕೊಳ್ಳುತ್ತಿದ್ದನು. ನಂಬದವರೂ ಇದ್ದಾರೆ, ಆದರೆ ಆ ಕಂತಿನ ಕಾರ್ಡುಗಳು ಇಂದು ಅಪರೂಪವಾಗಿರುವುದಂತೂ ನಿಜ.

ಇನ್ನು ಮುಖದ ಮಾತಿಗೆ ಬರೋಣ. ಟಾಪ್ಸು ತಮ್ಮ ಕರಾರಿನ ಆಟಗಾರರನ್ನು ಸೆಳೆದುಕೊಂಡಿತೆಂದು ಬೋಮನ್ ಕಾರ್ಡುಗಳ ಒಡೆತನವಿದ್ದ ಹೇಲನ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯು ದಾವೆ ಹೂಡಿತು. ಟಾಪ್ಸಿನ ವಕೀಲರು ಒಡ್ಡಿದ ವಾದವು ಸ್ವಾರಸ್ಯವಾದುದು. ಮನುಷ್ಯನಿಗೆ ತನ್ನ ಚಿತ್ರದ ವಿಷಯದಲ್ಲಿ ಇರುವುದು ಏಕಾಂತದ ಹಕ್ಕು ಒಂದೇ. ತನ್ನನ್ನು ತನ್ನ ಪಾಡಿಗೆ ಬಿಡಿರೆಂದು ಕೇಳುವ ಹಕ್ಕು. ಅದನ್ನು ಅವನು ಬೇರೆಯವರಿಗೆ ಮಾರಲಾರನು; ಆದುದರಿಂದ ಬೋಮನ್ ಕಂಪೆನಿಯು ಕೊಂಡಿರುವುದು ಬರಿಯ ಗಾಳಿ. ೧೯೫೩ರಲ್ಲಿ ನ್ಯಾಯಾಧೀಶರಾದ ಜೆರೋಮ್ ಫ್ರ್ಯಾಂಕರು ಈ ವಾದವನ್ನು ಒಪ್ಪಲಿಲ್ಲ. ಹೆಸರುವಾಸಿಯಾದ ಮನುಷ್ಯನು ಜನರ ಕಣ್ಣಿನಿಂದ ಮರೆಯಾಗಿರಲು ಬಯಸುವವನಲ್ಲ. ಅವನಿಗೆ ನೋವಾಗುವುದು ಚಿತ್ರವು ಪ್ರಕಟವಾದುದಕ್ಕಲ್ಲ, ಪ್ರಕಟವಾಗಿಯೂ ತನಗೆ ಹಣ ಬಾರದುದಕ್ಕೆ. ಆದುದರಿಂದ ಏಕಾಂತದ ಹಕ್ಕಿನ ಹೊರತಾಗಿ, ತನ್ನ ಪ್ರಸಿದ್ಧಿಯ ಬೆಲೆಯ ಮೇಲೆ ಅವನಿಗೆ ಒಂದು ಪ್ರತ್ಯೇಕವಾದ ಹಕ್ಕುಂಟು ಎಂದು ಅವರು ತೀರ್ಪಿತ್ತರು. ಆ ಹಕ್ಕಿಗೆ ಆ ತೀರ್ಪಿನಲ್ಲಿಯೇ ಮೊದಲು ಹೆಸರಾಯಿತು. ೨೦೨೨ರಲ್ಲಿ ಅಮಿತಾಭ್ ಬಚ್ಚನ್ನರೂ ೨೦೨೩ರಲ್ಲಿ ಅನಿಲ್ ಕಪೂರರೂ ತಮ್ಮ ಮುಖ ಮತ್ತು ಧ್ವನಿಗಳನ್ನು ಕಂಡವರೆಲ್ಲ ಬಳಸಬಾರದೆಂದು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಆಜ್ಞೆ ಪಡೆದರಷ್ಟೆ. ಅವರು ಊರಿದ ಹಕ್ಕು ಈ ಜಾತಿಯದೇ. ಅದರ ಬೀಜವು ಮಕ್ಕಳ ಗಮ್ಮಿನ ಪೊಟ್ಟಣದಲ್ಲಿದ್ದಿತೆಂದರೆ ಆಶ್ಚರ್ಯವಲ್ಲವೆ?

ಟಾಪ್ಸು ಮೊಕದ್ದಮೆಯಲ್ಲಿ ಸೋತಿತು; ವ್ಯಾಪಾರದಲ್ಲಿ ಗೆದ್ದಿತು. ೧೯೫೬ರಲ್ಲಿ ಬೋಮನ್ ಕಾರ್ಡುಗಳ ವ್ಯಾಪಾರವನ್ನೇ ೨ ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ಯಾವ ತೀರ್ಪು ಅದಕ್ಕೆ ಪ್ರತಿಕೂಲವಾಗಿದ್ದಿತೋ ಅದೇ ಈಗ ಅದರ ಕೋಟೆಯಾಯಿತು. ಕರಾರಿಗೆ ಬೆಲೆಯುಂಟೆಂದು ನ್ಯಾಯಾಲಯವೇ ಹೇಳಿದ ಮೇಲೆ, ಎಲ್ಲ ಕರಾರುಗಳನ್ನೂ ಒಬ್ಬನೇ ಕಲೆಹಾಕಿದರೆ ಬೇರೆಯವರಿಗೆ ಬಾಗಿಲೆಲ್ಲಿ?

ಆ ಕರಾರುಗಳನ್ನು ಸಂಪಾದಿಸುತ್ತಿದ್ದವನು ನಮ್ಮ ಬರ್ಜರನೇ. ಮೇಲಿನ ದರ್ಜೆಗೆ ಇನ್ನೂ ಏರದ, ಸಣ್ಣ ತಂಡಗಳಲ್ಲಿ ಆಡುತ್ತಿದ್ದ ಹದಿನೆಂಟು ಇಪ್ಪತ್ತು ವರ್ಷದ ಹುಡುಗರನ್ನು ಹುಡುಕಿಕೊಂಡು ಕಂಪೆನಿಯವರು ಹೋಗುತ್ತಿದ್ದರು. ಸಹಿ ಹಾಕಿದೊಡನೆ ಕೈಗೆ ಐದು ಡಾಲರು. ಒಂದು ಹೊತ್ತಿನ ಒಳ್ಳೆಯ ಊಟಕ್ಕೆ ಸಾಕೆಂದು ಅದಕ್ಕೆ ಊಟದ ಹಣವೆಂದೇ ಹೆಸರು ಬಿದ್ದಿತ್ತು. ಮುಂದೆ ಅವನು ಮೇಲಿನ ದರ್ಜೆಗೆ ಬಂದು ಆಡಿದರೆ ವರ್ಷಕ್ಕೆ ೧೨೫ ಡಾಲರು. ಹಣ ಬೇಡವಾದರೆ ಕಂಪೆನಿಯ ಪಟ್ಟಿಯಿಂದ ಟೆಲಿವಿಷನ್ನನ್ನೋ ಮನೆಗೆ ಬೇಕಾದ ಬೇರೊಂದು ಪದಾರ್ಥವನ್ನೋ ಆರಿಸಿಕೊಳ್ಳಬಹುದು. ಕೋಟಿಗಟ್ಟಲೆ ಕಾರ್ಡುಗಳು ಮಾರಿದರೂ ಅಷ್ಟೆ. ಬರ್ಜರನ ಮೇಲೆ ಇದಕ್ಕಾಗಿ ಸಿಟ್ಟಾಗುವುದು ಸುಲಭ. ಆದರೆ ಆಟಗಾರರಿಗೆ ಅವನ ಮೇಲೆ ಸಿಟ್ಟಿರಲಿಲ್ಲವೆಂಬುದನ್ನೂ ಹೇಳಬೇಕು. ಅವನು ಪ್ರತಿಯೊಬ್ಬನ ಹೆಂಡತಿ ಮಕ್ಕಳ ಹೆಸರನ್ನೂ ಬಲ್ಲವನು. ವಿಲಿ ಮೇಸ್‌ನಂತಹ ಮಹಾ ಆಟಗಾರನು ಅವನ ಆಪ್ತಮಿತ್ರ. ಕಾರ್ಡಿನ ಮೇಲೆ ತಮ್ಮ ಮುಖ ಬಂದುದನ್ನೇ ಹುಡುಗರು ಗೌರವವೆಂದು ಭಾವಿಸುತ್ತಿದ್ದರು. ಗೌರವದ ಹೆಸರಿನಲ್ಲಿ ಕೂಲಿಯು ಹೇಗೆ ಕಡಮೆಯಾಗುವುದೆಂಬುದು ನಮ್ಮ ದೇಶದ ಪಂಡಿತರಿಗೂ ಗಾಯಕರಿಗೂ ಹೊಸ ವಿಷಯವೇನೂ ಅಲ್ಲ.

ಎಲ್ಲರೂ ಬಗ್ಗಿದರೆಂದಲ್ಲ. ಮೌರಿ ವಿಲ್ಸ್ ಎಂಬವನು ಸಣ್ಣ ತಂಡಗಳಲ್ಲಿದ್ದಾಗ ಇವನೆಲ್ಲಿ ಮೇಲೆ ಬಂದಾನೆಂದು ಟಾಪ್ಸಿನವರು ಆ ಐದು ಡಾಲರನ್ನೂ ಕೊಡದೆ ಬಿಟ್ಟರು. ೧೯೬೨ರಲ್ಲಿ ಅವನು ಎದುರಾಳಿಯ ಕಣ್ಣು ತಪ್ಪಿಸಿ ೧೦೪ ಬಾರಿ ಮೂಲೆಯಿಂದ ಮೂಲೆಗೆ ಓಡಿ, ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡನು. ಆಮೇಲೆ ಕಂಪೆನಿಯು ಬಂದಾಗ ಅವನು ಸಹಿ ಹಾಕಲಿಲ್ಲ. ೧೯೬೭ರವರೆಗೆ ಟಾಪ್ಸಿನ ಮಾಲೆಯಲ್ಲಿ ಅವನ ಕಾರ್ಡಿರಲಿಲ್ಲ.

ಅಷ್ಟರಲ್ಲಿ ಮಾರ್ವಿನ್ ಮಿಲ್ಲರ್ ಬಂದನು. ಉಕ್ಕಿನ ಕಾರ್ಖಾನೆಯ ಕೂಲಿಗಾರರ ಸಂಘದಲ್ಲಿ ಅರ್ಥಶಾಸ್ತ್ರಜ್ಞನಾಗಿದ್ದ ಇವನನ್ನು ೧೯೬೬ರಲ್ಲಿ ಬೇಸ್‌ಬಾಲ್ ಆಟಗಾರರು ತಮ್ಮ ಸಂಘದ ಮುಖ್ಯಸ್ಥನನ್ನಾಗಿ ಆರಿಸಿಕೊಂಡರು. ಅವನು ಕರಾರಿನ ಕಾಗದಗಳನ್ನು ತರಿಸಿ ಓದಿ ಬೆರಗಾದನು. ಟಾಪ್ಸಿನ ಅಧ್ಯಕ್ಷನಾಗಿದ್ದ ಜೋಯಲ್ ಶೋರಿನ್ನನನ್ನು ಕಂಡು ಹೆಚ್ಚಿನ ಹಣವನ್ನು ಕೇಳಿದಾಗ, ನಿಮ್ಮ ಕೈಯಲ್ಲಿ ಬಲವೆಲ್ಲಿದೆ ಎಂಬ ಅರ್ಥದ ಉತ್ತರ ಬಂದಿತು. ಮಿಲ್ಲರನು ವಾದಕ್ಕೆ ನಿಲ್ಲದೆ ಹಿಂದಿರುಗಿ, ಕರಾರುಗಳನ್ನು ಹೊಸದುಮಾಡಬೇಡಿ, ಕಂಪೆನಿಯ ಛಾಯಾಗ್ರಾಹಕನ ಮುಂದೆ ನಿಲ್ಲಬೇಡಿ ಎಂದು ಆಟಗಾರರಿಗೆ ತಿಳಿಸಿದನು. ಮುಖವನ್ನು ಕೊಡದಿರುವುದೊಂದೇ ಮುಷ್ಕರ! ಕಂಪೆನಿಯು ಹಳೆಯ ಚಿತ್ರಗಳನ್ನೇ ಮತ್ತೆ ಮತ್ತೆ ಅಚ್ಚುಹಾಕಬೇಕಾಯಿತು. ತಂಡ ಬದಲಾಯಿಸಿದವರ ಟೋಪಿಯಿಲ್ಲದ ಚಿತ್ರಗಳಿಗಾಗಿ ತಡಕಾಡಬೇಕಾಯಿತು. ೧೯೬೯ರ ಒಂದು ಕಾರ್ಡಿನಲ್ಲಿ ಆಟಗಾರನ ಬದಲು ದಾಂಡುಗಳನ್ನು ಹೊತ್ತುಕೊಡುವ ಹುಡುಗನ ಚಿತ್ರವೇ ಬಂದುಹೋಯಿತು. ಇಂತಹ ಪ್ರಮಾದಗಳು ಮುಷ್ಕರವಿಲ್ಲದ ಕಾಲದಲ್ಲಿಯೂ ಇದ್ದುವೆನ್ನಿ: ೧೯೫೭ರಲ್ಲಿ ಚಿತ್ರವನ್ನು ತಿರುವುಮುರುವಾಗಿ ಅಚ್ಚುಹಾಕಿ, ಬಲಗೈಯ ಹ್ಯಾಂಕ್ ಏರನ್ನನನ್ನು ಎಡಚನನ್ನಾಗಿ ಮಾಡಿದ್ದರು.

೧೯೬೮ರ ಕೊನೆಯಲ್ಲಿ ಕಂಪೆನಿಯು ಇಳಿದುಬಂದಿತು. ವರ್ಷದ ೧೨೫ ಡಾಲರು ೨೫೦ ಆಯಿತು. ಅದಕ್ಕಿಂತ ಮುಖ್ಯವಾಗಿ, ಮಾರಾಟದ ಮೊದಲ ೪೦ ಲಕ್ಷ ಡಾಲರುಗಳ ಮೇಲೆ ನೂರಕ್ಕೆ ಎಂಟು, ಅದಕ್ಕೆ ಮೇಲ್ಪಟ್ಟುದಕ್ಕೆ ನೂರಕ್ಕೆ ಹತ್ತು ಆಟಗಾರರ ಸಂಘಕ್ಕೆ ಸಲ್ಲತಕ್ಕದ್ದೆಂದು ಒಪ್ಪಂದವಾಯಿತು. ಈ ಹಣವು ಏನೇನು ಮಾಡಿತೆಂಬುದನ್ನು ಮುಂದೆ ನೋಡುವೆವು.

ನಡುವಣ ವರ್ಷಗಳ ಕಥೆಯನ್ನು ಸಂಕ್ಷೇಪಿಸುತ್ತೇನೆ. ಬಬಲ್ ಗಮ್ಮನ್ನು ಮೊತ್ತಮೊದಲು ಮಾರುಕಟ್ಟೆಗೆ ತಂದಿದ್ದ ಫ್ಲೀರ್ ಎಂಬ ಕಂಪೆನಿಯು ಟಾಪ್ಸಿನ ಏಕಸ್ವಾಮ್ಯವನ್ನು ಒಡೆಯಲು ಹಟ ತೊಟ್ಟಿತು. ೧೯೬೩ರಲ್ಲಿ ಗಮ್ಮಿನ ಬದಲು ಬಿಸ್ಕತ್ತನ್ನಿಟ್ಟು ಕಾರ್ಡುಗಳನ್ನು ಮಾರಿ ನೋಡಿತು; ಅದೂ ನಿಂತುಹೋಯಿತು. ೧೯೬೫ರಲ್ಲಿ ಸರ್ಕಾರದ ವ್ಯಾಪಾರ ಮಂಡಲಿಯು ಟಾಪ್ಸಿನ ಪರವಾಗಿ ತೀರ್ಮಾನಿಸಿತು. ೧೯೭೫ರಲ್ಲಿ ಫ್ಲೀರಿನವರು ಮತ್ತೆ ನ್ಯಾಯಾಲಯಕ್ಕೆ ಹೋದರು. ಐದು ವರ್ಷಗಳ ತರುವಾಯ ಗೆದ್ದರು. ಪರಿಹಾರವಾಗಿ ಅವರಿಗೆ ದೊರೆತುದು ಮೂರು ಡಾಲರು. ಆದರೆ ಬಾಗಿಲು ತೆರೆಯಿತು. ೧೯೮೧ರಲ್ಲಿ ಫ್ಲೀರ್, ಡಾನ್‌ರಸ್ ಎಂಬ ಎರಡು ಹೊಸ ಮಾಲೆಗಳು ಬಂದುವು. ಮೇಲಿನ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿದಾಗ ಅವರು ಗಮ್ಮನ್ನು ತೆಗೆದುಹಾಕಿ, ಅಂಟಿಸುವ ಚಿತ್ರಗಳನ್ನೋ ಜೋಡಿಸುವ ಚಿತ್ರದ ತುಂಡುಗಳನ್ನೋ ಇಟ್ಟು ವ್ಯಾಪಾರ ಮುಂದುವರಿಸಿದರು. ಟಾಪ್ಸು ಬೇಸ್‌ಬಾಲನ್ನೇ ನೆಚ್ಚಿಕೊಂಡಿರಲಿಲ್ಲವೆಂಬುದನ್ನೂ ಹೇಳಬೇಕು. ೧೯೮೫ರಲ್ಲಿ ಅದು ಕಸದ ಡಬ್ಬಿಯ ಮಕ್ಕಳೆಂಬ ವಿಕಾರವಾದ ಹಾಸ್ಯಚಿತ್ರಗಳನ್ನು ಹೊರಡಿಸಿ ತಾಯಂದಿರ ಶಾಪಕ್ಕೂ ಶಾಲೆಗಳ ನಿಷೇಧಕ್ಕೂ ಗುರಿಯಾಯಿತು. ಅವುಗಳ ಕರ್ತೃಗಳಲ್ಲೊಬ್ಬನಾದ ಆರ್ಟ್ ಸ್ಪೀಗಲ್‌ಮನ್ ಮುಂದೆ ಯೆಹೂದ್ಯರ ಹತ್ಯಾಕಾಂಡದ ಚಿತ್ರಕಥೆಯನ್ನು ಬರೆದು ೧೯೯೨ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದನು.

ಇಷ್ಟರಲ್ಲಿ ಮೊದಲ ಪೀಳಿಗೆಯ ಹುಡುಗರು ನಲವತ್ತು ದಾಟಿದ್ದರು. ಕೈಯಲ್ಲಿ ಹಣವಿತ್ತು, ಬಾಲ್ಯದ ಪೆಟ್ಟಿಗೆ ಇರಲಿಲ್ಲ. ಯುದ್ಧಕ್ಕೋ ಕಾಲೇಜಿಗೋ ಹೋಗಿದ್ದಾಗ ತಾಯಿಯು ಅದನ್ನು ಕಸಕ್ಕೆ ಹಾಕಿದ್ದಳು. ಅಮೆರಿಕಾದಲ್ಲಿ ಇದೊಂದು ಮನೆಮಾತಿನ ದೂರಾಗಿಬಿಟ್ಟಿದೆ. ನನಗೆ ಆ ತಾಯಂದಿರ ಪಕ್ಷವನ್ನು ವಹಿಸಬೇಕೆಂದು ತೋರುತ್ತದೆ. ಎಲ್ಲ ತಾಯಂದಿರೂ ಎಲ್ಲ ಕಾರ್ಡುಗಳನ್ನೂ ಜೋಪಾನಮಾಡಿದ್ದರೆ ಅವಕ್ಕೆ ಬೆಲೆಯೇ ಬರುತ್ತಿರಲಿಲ್ಲ. ಇದು ಬರಿಯ ಊಹೆಯಲ್ಲ, ನಡೆದೇಹೋಯಿತು. ಹಳೆಯ ಕಾರ್ಡುಗಳ ಬೆಲೆಯು ಪತ್ರಿಕೆಗಳಲ್ಲಿ ಬಂದುದನ್ನು ಕಂಡು, ೧೯೮೦ರ ದಶಕದಲ್ಲಿ ತಂದೆಯರು ಮಕ್ಕಳ ವಿದ್ಯಾಭ್ಯಾಸಕ್ಕೆ ಆಗುವುದೆಂದು ಪೆಟ್ಟಿಗೆ ಪೆಟ್ಟಿಗೆಯಾಗಿ ಹೊಸ ಕಾರ್ಡುಗಳನ್ನು ಕೊಂಡಿಟ್ಟರು. ಪೊಟ್ಟಣವನ್ನು ಒಡೆಯಲೇ ಇಲ್ಲ. ಮಕ್ಕಳಿಗೆ ಮುಟ್ಟಲು ಬಿಡಲಿಲ್ಲ. ಕಂಪೆನಿಗಳು ಬೇಡಿಕೆಗೆ ತಕ್ಕಂತೆ ಹಗಲಿರುಳು ಅಚ್ಚುಹಾಕಿದುವು. ೧೯೯೧ರ ವೇಳೆಗೆ ಇದು ವರ್ಷಕ್ಕೆ ನೂರು ಕೋಟಿ ಡಾಲರು ಮೀರಿದ ವ್ಯಾಪಾರ. ಗಮ್ಮಿನ ಜಿಡ್ಡು ಕಾರ್ಡಿಗೆ ಹತ್ತಿ ಬೆಲೆ ಕೆಡುವುದೆಂದು ೧೯೯೨ರಲ್ಲಿ ಟಾಪ್ಸು ಪೊಟ್ಟಣದಿಂದ ಗಮ್ಮನ್ನೇ ತೆಗೆದುಹಾಕಿತು. ಗಮ್ಮನ್ನು ಮಾರಲೆಂದು ಹುಟ್ಟಿದ ಕಾರ್ಡಿಗೆ ಗಮ್ಮೇ ಮೈಲಿಗೆಯಾಯಿತು! ಆ ವರ್ಷಗಳ ಕಾರ್ಡುಗಳನ್ನು ಇಂದು ಪುಕ್ಕಟೆಯಾಗಿ ಕೊಟ್ಟರೂ ಕೊಳ್ಳುವವರು ವಿರಳ. ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳು ಹಾಗೆಯೇ ಬಿದ್ದಿವೆ.

ಮಿಲ್ಲರನು ಸಂಪಾದಿಸಿಕೊಟ್ಟ ನೂರಕ್ಕೆ ಎಂಟರ ಪಾಲು ಈ ಹುಚ್ಚಿನ ಕಾಲದಲ್ಲಿ ಹೊಳೆಯಾಗಿ ಹರಿಯಿತು. ಆಟಗಾರರ ಸಂಘವು ಅದನ್ನು ಹಂಚಿ ಮುಗಿಸದೆ, ತಂಡಗಳ ಒಡೆಯರೊಡನೆ ಹೋರಾಡಬೇಕಾದ ದಿನಕ್ಕೆಂದು ಕೂಡಿಟ್ಟಿತು. ೧೯೯೪ರ ಆಗಸ್ಟ್ ೧೨ರಂದು ಮುಷ್ಕರವು ಆರಂಭವಾಯಿತು. ಸಂಬಳವಿಲ್ಲದ ಆಟಗಾರರನ್ನು ಆ ನಿಧಿಯು ಕಾಪಾಡಿತು. ಆ ವರ್ಷದ ಅಂತಿಮ ಪಂದ್ಯಮಾಲೆಯು ನಡೆಯಲೇ ಇಲ್ಲ. ೧೯೦೪ರ ತರುವಾಯ ಅಂತಹುದು ಸಂಭವಿಸಿರಲಿಲ್ಲ. ಬೇಸರಪಟ್ಟ ಜನರು ಆಟಕ್ಕೂ ಕಾರ್ಡಿಗೂ ಬೆನ್ನುಹಾಕಿದರು. ಕಾರ್ಡಿನ ಹಣವು ನಡೆಸಿದ ಮುಷ್ಕರವು ಕಾರ್ಡಿನ ವ್ಯಾಪಾರವನ್ನೇ ಕೆಡವಿತು.

ಮೊದಲು ಹೇಳಿದ ೩೧೧ನೆಯ ಕಾರ್ಡಿನ ವಿಷಯ ಬಾಕಿ ಇದೆ. ಅದು ಮ್ಯಾಂಟಲನ ಮೊದಲನೆಯ ಕಾರ್ಡಲ್ಲ. ಮೊದಲನೆಯದು ೧೯೫೧ರ ಬೋಮನ್ ಕಾರ್ಡು. ಅದರ ಕಂತಿನಲ್ಲಿ ಅತ್ಯಂತ ವಿರಳವಾದುದೂ ಅಲ್ಲ. ಅಚ್ಚಿನ ಹಾಳೆಯಲ್ಲಿ ಅದು ಎರಡೆರಡು ಬಾರಿ ಇದ್ದಿತು. ಜನರು ಮೆಚ್ಚಿದರು, ಬೆಲೆ ಬಂದಿತು, ಅಷ್ಟೆ. ೧೯೮೦ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ಮನೆಯಲ್ಲಿ ಆ ಕೊನೆಯ ಕಂತಿನ ಕಾರ್ಡುಗಳು ಸಾವಿರಗಟ್ಟಲೆ, ಯಾರೂ ಮುಟ್ಟದೆ, ಅಂಚು ಮಾಸದೆ ದೊರೆತುವು. ಸಮುದ್ರದ ಪಾಲಾಗದೆ ಉಳಿದ ಆ ರಾಶಿಯಿಂದ ಬಂದ ಒಂದನ್ನು ೧೯೯೧ರಲ್ಲಿ ಒಬ್ಬನು ೫೦ ಸಾವಿರ ಡಾಲರಿಗೆ ಕೊಂಡನು. ೨೦೨೨ರಲ್ಲಿ ನೂರು ಕೋಟಿ ರೂಪಾಯಿಗೆ ಹೋದುದು ಅದೇ. ಮ್ಯಾಂಟಲನು ೧೯೯೫ರಲ್ಲಿಯೂ ಬರ್ಜರನು ೨೦೧೪ರಲ್ಲಿಯೂ ತೀರಿಕೊಂಡಿದ್ದರು.

ನಮ್ಮ ದೇಶದ ಮಕ್ಕಳಿಗೂ ಈ ಕಂಪೆನಿಯು ಅಪರಿಚಿತವಲ್ಲ. ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚಿತ್ರ ಕೂಡಿಸುವ ರೂಢಿ ನ��್ಮಲ್ಲಿ ೧೯೮೦ರ ದಶಕದಲ್ಲಿಯೇ ಇದ್ದಿತು. ೨೦೧೦ರ ದಶಕದಲ್ಲಿ ಟಾಪ್ಸು ತಾನೇ ಐ.ಪಿ.ಎಲ್. ಕ್ರಿಕೆಟಿನ ಕಾರ್ಡುಗಳನ್ನು ಇಲ್ಲಿ ಮಾರಿತು. ಬೆಂಗಳೂರಿನ ತಂಡದವರ ಮುಖಗಳೂ ಅವುಗಳಲ್ಲಿದ್ದುವು. ಅವು ಕೂಡಿಡುವುದಕ್ಕಿಂತ ಹೆಚ್ಚಾಗಿ ಇಬ್ಬರು ಎದುರುಬದುರು ಕುಳಿತು ಆಡುವ ಕಾರ್ಡುಗಳು. ೧೯೫೧ರ ಮೊದಲನೆಯ ಮಾಲೆಯಂತೆಯೇ.

ಶೋರಿನ್ ಮನೆತನದ ಕೈಯಿಂದ ಕಂಪೆನಿಯು ಮೊದಲೇ ಜಾರಿದ್ದಿತು. ೨೦೦೭ರಲ್ಲಿ, ಹಿಂದೆ ಡಿಸ್ನಿ ಸಂಸ್ಥೆಯನ್ನು ನಡೆಸಿದ್ದ ಮೈಕೇಲ್ ಐಸ್ನರ್ ಮತ್ತು ಅವನ ಪಾಲುದಾರರು ಅದನ್ನು ಸುಮಾರು ೩೮ ಕೋಟಿ ೫೦ ಲಕ್ಷ ಡಾಲರುಗಳಿಗೆ ಕೊಂಡರು. ೨೦೨೧ರ ಆಗಸ್ಟಿನಲ್ಲಿ ಇನ್ನೂ ಹೆಚ್ಚಿನ ಬೆಲೆಗೆ ಷೇರು ಮಾರುಕಟ್ಟೆಗೆ ಹೊರಟಿದ್ದಾಗ ಸಿಡಿಲಿನಂತಹ ಸುದ್ದಿ ಬಂದಿತು. ಬೇಸ್‌ಬಾಲಿನ ಲೀಗೂ ಆಟಗಾರರ ಸಂಘವೂ ಕರಾರು ಮುಗಿದ ಮೇಲೆ ತಮ್ಮ ಚಿತ್ರದ ಹಕ್ಕನ್ನು ಟಾಪ್ಸಿಗೆ ಕೊಡುವುದಿಲ್ಲ, ಫನಾಟಿಕ್ಸ್ ಎಂಬ ಬೇರೊಂದು ಕಂಪೆನಿಗೆ ಕೊಡುತ್ತೇವೆ ಎಂದುವು. ಎಪ್ಪತ್ತು ವರ್ಷಗಳ ಹೆಸರು, ಅಚ್ಚು, ಉಗ್ರಾಣ ಎಲ್ಲವೂ ಇದ್ದುವು; ಮುಖಗಳಿರಲಿಲ್ಲ. ಷೇರಿನ ವ್ಯವಹಾರವು ಅಲ್ಲಿಗೇ ಮುರಿದುಬಿದ್ದಿತು. ೨೦೨೨ರ ಜನವರಿಯಲ್ಲಿ ಫನಾಟಿಕ್ಸಿನವರೇ ಟಾಪ್ಸಿನ ಕಾರ್ಡು ವ್ಯಾಪಾರವನ್ನು ಸುಮಾರು ೫೦ ಕೋಟಿ ಡಾಲರುಗಳಿಗೆ ಕೊಂಡುಕೊಂಡರು. ಆ ಹೊಸ ಕಾರ್ಡು ಕಂಪೆನಿಯಲ್ಲಿ ಆಟಗಾರರ ಸಂಘಕ್ಕೂ ಒಂದು ಪಾಲುಂಟು. ಗಮ್ಮನ್ನು ಮಾತ್ರ ಅವರು ಕೊಳ್ಳಲಿಲ್ಲ. ಬಜೂಕಾ ಹಳೆಯ ಒಡೆಯರಲ್ಲಿಯೇ ಉಳಿದು, ೨೦೨೩ರಲ್ಲಿ ಬೇರೆ ಕೈ ಸೇರಿತು.